ಪರರ ಯುದ್ಧದಲ್ಲಿ ಮಡಿದವರು: ತೈವಾನಿನ ಬುಡಕಟ್ಟು ಯೋಧನಿಂದ ಕಲಬುರಗಿಯ ಯುವಕರವರೆಗೆ

ಭಾಲ್ಕಿ: ರಷ್ಯಾ–ಉಕ್ರೇನ್ ಯುದ್ಧ ಆರಂಭವಾದದ್ದು 2022ರ ಫೆಬ್ರುವರಿ 24ರಂದು. ಎರಡು ವರ್ಷ ತುಂಬುವಷ್ಟರಲ್ಲಿ ಆ ಯುದ್ಧದ ಸುದ್ದಿ ಬೀದರ್‌ಗೆ ಹೊಂದಿಕೊಂಡ ಕಲಬುರಗಿ ಜಿಲ್ಲೆಯ ಮನೆಗಳ ಹೊಸ್ತಿಲಿಗೆ ಬಂದಿತ್ತು. ಕೆಲಸ ಹುಡುಕಿಕೊಂಡು ಹೋಗಿದ್ದ ಜಿಲ್ಲೆಯ ಮೂವರು ಯುವಕರು ರಷ್ಯಾ ಸೇನೆಯ ಸಮವಸ್ತ್ರದಲ್ಲಿ ರಣರಂಗದಲ್ಲಿದ್ದಾರೆಂಬ ಸಂಗತಿ 2024ರ ಫೆಬ್ರುವರಿಯಲ್ಲಿ ಬೆಳಕಿಗೆ ಬಂದಿತು. ಅವರು ಜೀವಂತ ಮರಳಿದರು. ಅವರ ಜತೆಗಿದ್ದ ಸೂರತ್‌ನ ಯುವಕ ಮರಳಲಿಲ್ಲ.

ತಮ್ಮದಲ್ಲದ ದೇಶದ ಯುದ್ಧದಲ್ಲಿ ಹೋರಾಡಿ ಸಾಯುವವರು ಯಾರು, ಅವರು ಅಲ್ಲಿಗೆ ತಲುಪುವುದು ಹೇಗೆ, ಕಾನೂನು ಅವರನ್ನು ಏನೆಂದು ಕರೆಯುತ್ತದೆ ಎಂಬ ಪ್ರಶ್ನೆಗಳು ಈ ಯುದ್ಧದೊಂದಿಗೆ ಮತ್ತೆ ಎದ್ದಿವೆ. ಉತ್ತರ ಎಲ್ಲರಿಗೂ ಒಂದೇ ಅಲ್ಲ. ತಾನೇ ಆಯ್ದುಕೊಂಡು ಹೋದವನೂ ಇದ್ದಾನೆ, ಮೋಸಹೋಗಿ ತಲುಪಿದವನೂ ಇದ್ದಾನೆ.

ತೈವಾನಿನ ತ್ಸೆಂಗ್

ಮೊದಲನೆಯ ಬಗೆಗೆ ಉದಾಹರಣೆ ತೈವಾನಿನ ತ್ಸೆಂಗ್ ಶೆಂಗ್-ಕುವಾಂಗ್. ಪೂರ್ವ ತೈವಾನಿನ ಹುವಾಲಿಯೆನ್ ಪ್ರದೇಶದ ಈತ ಅಮಿಸ್ ಎಂಬ ಮೂಲನಿವಾಸಿ ಸಮುದಾಯಕ್ಕೆ ಸೇರಿದವನು. ತೈವಾನ್ ಸರಕಾರ 16 ಮೂಲನಿವಾಸಿ ಸಮುದಾಯಗಳಿಗೆ ಮಾನ್ಯತೆ ನೀಡಿದ್ದು, ಅವುಗಳಲ್ಲಿ ಅಮಿಸ್ ಜನರ ಸಂಖ್ಯೆಯೇ ಹೆಚ್ಚು. ಆದರೂ ಎಲ್ಲ ಮೂಲನಿವಾಸಿಗಳನ್ನು ಸೇರಿಸಿದರೂ ದ್ವೀಪದ ಜನಸಂಖ್ಯೆಯ ಶೇ. 3ನ್ನು ಮುಟ್ಟುವುದಿಲ್ಲ.

ತೈವಾನ್ ಸೇನೆಯಲ್ಲಿ ಸೇವೆ ಸಲ್ಲಿಸಿದ್ದ ತ್ಸೆಂಗ್, 2022ರಲ್ಲಿ ಉಕ್ರೇನಿಗೆ ತೆರಳಿ ವಿದೇಶಿ ಸ್ವಯಂಸೇವಕರ ಪಡೆ ಸೇರಿದ. ಅದೇ ವರ್ಷದ ನವೆಂಬರ್ ಆರಂಭದಲ್ಲಿ ಪೂರ್ವ ಉಕ್ರೇನಿನ ಕಾಳಗದಲ್ಲಿ ಗಾಯಗೊಂಡು ಮೃತಪಟ್ಟ. ಆಗ ಆತನಿಗೆ 25 ವರ್ಷ. ಊರಿನಲ್ಲಿ ಪತ್ನಿ ಇದ್ದಳು. ಈ ಯುದ್ಧದಲ್ಲಿ ಪ್ರಾಣ ತೆತ್ತ ಮೊದಲ ತೈವಾನಿಗನೆಂದು ಆತನ ಹೆಸರು ದಾಖಲಾಯಿತು. ಉಕ್ರೇನ್ ಮತ್ತು ತೈವಾನ್ ನಡುವೆ ರಾಜತಾಂತ್ರಿಕ ಸಂಬಂಧವಿಲ್ಲ. ಆತ ಯಾವ ದೇಶಕ್ಕಾಗಿ ಸತ್ತನೋ ಆ ದೇಶ ಆತನ ನಾಡನ್ನು ಪ್ರತ್ಯೇಕ ರಾಷ್ಟ್ರವೆಂದು ಒಪ್ಪಿಕೊಂಡಿಲ್ಲ ಎಂಬುದು ಗಮನಿಸಬೇಕಾದ ಸಂಗತಿ.

ವಿದೇಶಿಯರು ಬಂದು ತಮ್ಮ ಪರ ಹೋರಾಡಬಹುದೆಂದು ಉಕ್ರೇನ್ ಅಧ್ಯಕ್ಷ ವೊಲೊದಿಮಿರ್ ಝೆಲೆನ್‌ಸ್ಕಿ ಬಹಿರಂಗ ಕರೆ ನೀಡಿದ್ದು 2022ರ ಫೆಬ್ರುವರಿ 27ರಂದು, ಅಂದರೆ ಆಕ್ರಮಣ ಆರಂಭವಾದ ಮೂರನೇ ದಿನಕ್ಕೆ. ‘ಇಂಟರ್‌ನ್ಯಾಷನಲ್ ಲೀಜನ್’ ಎಂಬ ಪಡೆ ಹುಟ್ಟಿದ್ದು ಹೀಗೆ. ಭಾರತದಿಂದಲೂ ಒಬ್ಬ ಹೋಗಿದ್ದ. ಖಾರ್ಕಿವ್‌ನಲ್ಲಿ ಏರೋಸ್ಪೇಸ್ ಎಂಜಿನಿಯರಿಂಗ್ ಓದುತ್ತಿದ್ದ ಕೊಯಮತ್ತೂರಿನ 21 ವರ್ಷದ ವಿದ್ಯಾರ್ಥಿ ಉಕ್ರೇನ್ ಪರವಾದ ಪಡೆ ಸೇರಿದ್ದು 2022ರ ಮಾರ್ಚ್‌ನಲ್ಲಿ ದೊಡ್ಡ ಸುದ್ದಿಯಾಗಿತ್ತು. ಆದರೆ ಭಾರತೀಯರ ಮಟ್ಟಿಗೆ ಆ ಕಥೆ ಅಪವಾದ. ಈ ಯುದ್ಧಕ್ಕೆ ಸಿಲುಕಿದ ಭಾರತೀಯರಲ್ಲಿ ಬಹುಪಾಲಿನವರು ಇನ್ನೊಂದು ಬದಿಯಲ್ಲಿದ್ದರು, ಮತ್ತು ಅವರಲ್ಲಿ ಅನೇಕರು ಯುದ್ಧಕ್ಕೆಂದು ಮನೆ ಬಿಟ್ಟವರಲ್ಲ.

ಸಹಾಯಕನ ಕೆಲಸ, ಸೈನಿಕನ ಬಂದೂಕು

ಕಲಬುರಗಿಯ ಯುವಕರು ಮಧ್ಯವರ್ತಿಗಳ ಮೂಲಕ ರಷ್ಯಾಕ್ಕೆ ತೆರಳಿದ್ದು 2023ರ ಕೊನೆಯಲ್ಲಿ. ಭದ್ರತಾ ಸಿಬ್ಬಂದಿ, ಸಹಾಯಕ ಎಂಬಂಥ ಕೆಲಸಗಳ ಭರವಸೆ ಅವರಿಗೆ ಸಿಕ್ಕಿತ್ತು. ಯೂಟ್ಯೂಬ್ ವಿಡಿಯೊಗಳಲ್ಲಿ ಇಂಥ ಕೆಲಸಗಳ ಪ್ರಚಾರ ನಡೆದಿತ್ತು. ರಣರಂಗಕ್ಕೆ ಹೋಗಬೇಕಾಗಿಲ್ಲ, ಗೋದಾಮು, ಅಡುಗೆಮನೆ, ಸಾಮಾನು ಸಾಗಣೆಯಂಥ ಹಿಂಬದಿಯ ಕೆಲಸ, ಕೆಲವು ತಿಂಗಳ ಬಳಿಕ ರಷ್ಯಾದಲ್ಲಿ ಕಾಯಂ ವಾಸದ ಅನುಮತಿ ಎಂದೆಲ್ಲ ನಂಬಿಸಲಾಗಿತ್ತು. ಇದಕ್ಕಾಗಿ ಮಧ್ಯವರ್ತಿಗಳು ಲಕ್ಷಗಟ್ಟಲೆ ರೂಪಾಯಿ ಪಡೆದಿದ್ದರು.

ಅಲ್ಲಿ ಇಳಿದ ಮೇಲೆ ಚಿತ್ರ ಬದಲಾಯಿತು. ರಷ್ಯನ್ ಭಾಷೆಯ ಕರಾರುಪತ್ರಕ್ಕೆ ಸಹಿ ಹಾಕಿಸಲಾಯಿತು, ಪಾಸ್‌ಪೋರ್ಟ್ ಕೈತಪ್ಪಿತು. ಅಲ್ಪಾವಧಿಯ ಶಸ್ತ್ರ ತರಬೇತಿ ಮುಗಿಸಿ ಗಡಿಯತ್ತ ಕಳುಹಿಸಲಾಯಿತು. ಸಹಿ ಹಾಕಿದ್ದು ಸೇನೆಯ ಕರಾರಿಗೆ ಎಂಬುದು ಹಲವರಿಗೆ ತಿಳಿದದ್ದು ಬಂದೂಕು ಕೈಗೆ ಬಂದ ಮೇಲೆಯೇ.

ಓದಲಾಗದ ಭಾಷೆಯ ಕಾಗದದ ಮೇಲೆ ಹೆಬ್ಬೆಟ್ಟು ಒತ್ತುವ ಸಂಕಟ ಈ ಭಾಗಕ್ಕೆ ಹೊಸದಲ್ಲ. ನಿಜಾಮರ ಆಳ್ವಿಕೆಯಲ್ಲಿ ಕಚೇರಿಯ ವ್ಯವಹಾರವೆಲ್ಲ ಉರ್ದುವಿನಲ್ಲಿ ನಡೆಯುತ್ತಿತ್ತು. ಹೊರಗೆ ಉರ್ದು ಫಲಕ ತೂಗುಹಾಕಿ ಒಳಗೆ ಕನ್ನಡ ಕಲಿಸಿದ ಭಾಲ್ಕಿ ಹಿರೇಮಠದ ಚನ್ನಬಸವ ಪಟ್ಟದ್ದೇವರ ಕಥೆಯನ್ನು ಬೀದರ್ ಜಿಲ್ಲೆಯ ಹಿರಿಯರು ಇಂದಿಗೂ ಹೇಳುತ್ತಾರೆ. ಆ ಕಾಲ ಕಳೆದು ಮುಕ್ಕಾಲು ಶತಮಾನದ ಮೇಲೆ ಅದೇ ನೆಲದ ಮಕ್ಕಳು, ಶಾಲೆ ಓದಿದವರು, ಮತ್ತೊಂದು ಅರಿಯದ ಲಿಪಿಯ ಕೆಳಗೆ ಸಹಿ ಹಾಕಿದರು.

2024ರ ಫೆಬ್ರುವರಿ 21ರಂದು ಗಡಿ ಪ್ರದೇಶದಲ್ಲಿ ನಡೆದ ಡ್ರೋನ್ ದಾಳಿಯಲ್ಲಿ ಗುಜರಾತಿನ ಸೂರತ್‌ನ 23 ವರ್ಷದ ಯುವಕ ಸತ್ತ. ಸಹಾಯಕನ ಕೆಲಸಕ್ಕೆಂದೇ ಆತನೂ ಹೋಗಿದ್ದವನು. ಅದೇ ಜಾಗದಲ್ಲಿ ಕಂದಕ ತೋಡುತ್ತಿದ್ದ ಕಲಬುರಗಿಯ ಯುವಕ ಈ ಸಾವಿಗೆ ಸಾಕ್ಷಿಯಾದ. ಆಕಾಶದಲ್ಲಿ ಡ್ರೋನ್ ಕಂಡಿದ್ದು, ಸದ್ದು ಕೇಳಿ ಕಂದಕದಲ್ಲಿ ಅವಿತದ್ದು, ಬಳಿಕ ಮೃತದೇಹವನ್ನು ಲಾರಿಗೆ ಎತ್ತಿ ಹಾಕಿದ್ದು ಎಲ್ಲವೂ ಆತ ಫೋನಿನಲ್ಲಿ ತಿಳಿಸಿದ ಮೇಲೆ ಪತ್ರಿಕೆಗಳಲ್ಲಿ ಪ್ರಕಟವಾಯಿತು. ಎರಡೇ ವಾರದಲ್ಲಿ, ಮಾರ್ಚ್ 6ರಂದು, ಹೈದರಾಬಾದಿನ ಮತ್ತೊಬ್ಬ ಯುವಕನ ಸಾವನ್ನು ಮಾಸ್ಕೋದ ಭಾರತೀಯ ರಾಯಭಾರ ಕಚೇರಿ ಖಚಿತಪಡಿಸಿತು.

ಹೈದರಾಬಾದಿನ ಸಂಸದ ಅಸಾದುದ್ದೀನ್ ಒವೈಸಿ ಅದಕ್ಕೂ ಮುನ್ನವೇ ವಿದೇಶಾಂಗ ಸಚಿವರಿಗೆ ಪತ್ರ ಬರೆದು ಈ ಯುವಕರನ್ನು ಕರೆತರುವಂತೆ ಕೋರಿದ್ದರು. ಕಲಬುರಗಿಯವರೇ ಆದ ಕಾಂಗ್ರೆಸ್ ಅಧ್ಯಕ್ಷ ಮಲ್ಲಿಕಾರ್ಜುನ ಖರ್ಗೆ ಹಾಗೂ ಜಿಲ್ಲಾ ಉಸ್ತುವಾರಿ ಸಚಿವ ಪ್ರಿಯಾಂಕ್ ಖರ್ಗೆ ಕೂಡ ದನಿಯೆತ್ತಿದರು. ಮಾರ್ಚ್ ಮೊದಲ ವಾರದಲ್ಲಿ ಸಿಬಿಐ ಮಾನವ ಕಳ್ಳಸಾಗಣೆ ಪ್ರಕರಣ ದಾಖಲಿಸಿ ದೆಹಲಿ, ಮುಂಬಯಿ, ತಿರುವನಂತಪುರ, ಚೆನ್ನೈ ಸೇರಿದಂತೆ ಹಲವು ನಗರಗಳಲ್ಲಿ ಶೋಧ ನಡೆಸಿತು. ಇಂಥ 35ರಷ್ಟು ಪ್ರಸಂಗಗಳು ಆಗಲೇ ಪತ್ತೆಯಾಗಿದ್ದವು.

ಆ ವರ್ಷದ ಜುಲೈನಲ್ಲಿ ಮಾಸ್ಕೋಗೆ ಭೇಟಿ ನೀಡಿದ ಪ್ರಧಾನಿ ನರೇಂದ್ರ ಮೋದಿ ಅವರು ಅಧ್ಯಕ್ಷ ವ್ಲಾದಿಮಿರ್ ಪುಟಿನ್ ಅವರೊಂದಿಗೆ ವಿಷಯ ಪ್ರಸ್ತಾಪಿಸಿದರು. ಕಲಬುರಗಿಯ ಮೂವರು ಮತ್ತು ತೆಲಂಗಾಣದ ನಾರಾಯಣಪೇಟೆಯ ಒಬ್ಬ ಯುವಕ ಸೆಪ್ಟೆಂಬರ್‌ನಲ್ಲಿ ತಾಯ್ನಾಡಿಗೆ ಮರಳಿದರು. ಮನೆ ಬಿಟ್ಟು ಅಷ್ಟರಲ್ಲಿ ಒಂಬತ್ತು ತಿಂಗಳಾಗಿತ್ತು.

ಸಂಖ್ಯೆ ಏರಿದ ಬಗೆ

ಸರಕಾರ ಸಂಸತ್ತಿಗೆ ನೀಡಿದ ಅಂಕಿ ಅಂಶಗಳನ್ನು ಒಂದರ ಕೆಳಗೊಂದು ಇಟ್ಟು ನೋಡಿದರೆ ವಿಷಯದ ಗಾಂಭೀರ್ಯ ತಿಳಿಯುತ್ತದೆ. 2024ರ ಆಗಸ್ಟ್ 9ರಂದು ವಿದೇಶಾಂಗ ಸಚಿವ ಎಸ್. ಜೈಶಂಕರ್ ಲೋಕಸಭೆಗೆ ತಿಳಿಸಿದಂತೆ ರಷ್ಯಾ ಸೇನೆಗೆ ಸೇರ್ಪಡೆಯಾದ ಭಾರತೀಯರು 91, ಸತ್ತವರು 8. ಕೇರಳದ ತ್ರಿಶ್ಶೂರ್ ಜಿಲ್ಲೆಯ ಯುವಕನೊಬ್ಬನ ಸಾವಿನ ಬಳಿಕ 2025ರ ಜನವರಿಯಲ್ಲಿ ವಿದೇಶಾಂಗ ಸಚಿವಾಲಯ ನೀಡಿದ ಲೆಕ್ಕದಲ್ಲಿ ಒಟ್ಟು ಪ್ರಕರಣಗಳು 126, ಸಾವು 12, ನಾಪತ್ತೆ 16. ಅದೇ ವರ್ಷದ ಡಿಸೆಂಬರ್‌ನಲ್ಲಿ ರಾಜ್ಯಸಭೆಯ ಮುಂದೆ ಬಂದ ಉತ್ತರದಲ್ಲಿ ಒಟ್ಟು ಸಂಖ್ಯೆ 202ಕ್ಕೆ, ಸಾವಿನ ಸಂಖ್ಯೆ 26ಕ್ಕೆ ಏರಿತ್ತು. 119 ಮಂದಿ ಅವಧಿಗೆ ಮುನ್ನ ಬಿಡುಗಡೆ ಪಡೆದಿದ್ದರೆ, 7 ಮಂದಿ ಕಾಣೆಯಾಗಿದ್ದರು.

ಭಾರತವೂ ಸೇರಿದಂತೆ ಕೆಲವು ದೇಶಗಳ ಪ್ರಜೆಗಳನ್ನು ಸೇನೆಗೆ ಸೇರಿಸಿಕೊಳ್ಳುವುದನ್ನು 2024ರ ಏಪ್ರಿಲ್‌ನಿಂದಲೇ ನಿಲ್ಲಿಸಲಾಗಿದೆ ಎಂದು ದೆಹಲಿಯ ರಷ್ಯಾ ರಾಯಭಾರ ಕಚೇರಿ ಆ ವರ್ಷದ ಆಗಸ್ಟ್‌ನಲ್ಲಿ ಹೇಳಿಕೆ ನೀಡಿತ್ತು. ಆದರೂ 2025ರಲ್ಲಿ ಹೊಸ ಹೆಸರುಗಳು ಸೇರುತ್ತಲೇ ಹೋದವು. ನಿಲ್ಲಿಸಿದ ಮೇಲೆಯೂ ಸಂಖ್ಯೆ ಏರುವುದು ಹೇಗೆ ಎಂಬ ಪ್ರಶ್ನೆಗೆ ಕರಾರುಪತ್ರಗಳ ದಿನಾಂಕವೇ ಉತ್ತರ ಕೊಡಬೇಕು.

ನೇಪಾಳದ ಸ್ಥಿತಿ ಇದಕ್ಕಿಂತ ಕಠಿಣವಾಗಿತ್ತು. ತನ್ನ ಪ್ರಜೆಗಳ ಸಾವಿನ ಸುದ್ದಿ ಒಂದರ ಮೇಲೊಂದು ಬರತೊಡಗಿದಾಗ ಆ ದೇಶ 2024ರ ಜನವರಿಯಲ್ಲಿ ರಷ್ಯಾ ಹಾಗೂ ಉಕ್ರೇನ್ ಎರಡಕ್ಕೂ ಉದ್ಯೋಗ ಪರವಾನಗಿ ನೀಡುವುದನ್ನೇ ನಿಲ್ಲಿಸಿತು.

ಕಾನೂನಿನ ಕಣ್ಣಿನಲ್ಲಿ

ವಿದೇಶಿ ಸೇನೆಯಲ್ಲಿ ಹಣಕ್ಕಾಗಿ ಹೋರಾಡುವ ಎಲ್ಲರನ್ನೂ ಬಾಡಿಗೆ ಸೈನಿಕರೆಂದು ಕರೆಯುವ ರೂಢಿಯಿದೆ. ಇದು ಸರಿಯಲ್ಲ. ಜಿನೀವಾ ಒಪ್ಪಂದಗಳಿಗೆ 1977ರಲ್ಲಿ ಸೇರಿದ ಮೊದಲ ಪೂರಕ ಒಡಂಬಡಿಕೆಯ 47ನೇ ವಿಧಿ ಬಾಡಿಗೆ ಸೈನಿಕನಿಗೆ ಹಲವು ಲಕ್ಷಣಗಳನ್ನು ಹೇಳುತ್ತದೆ, ಮತ್ತು ಅವೆಲ್ಲವೂ ಒಟ್ಟಿಗೆ ಇರಬೇಕೆನ್ನುತ್ತದೆ. ಸ್ಥಳೀಯ ಸೈನಿಕನಿಗಿಂತ ತೀರ ಹೆಚ್ಚಿನ ಸಂಬಳದ ಆಸೆ ಅವುಗಳಲ್ಲಿ ಒಂದು. ಹೋರಾಡುವ ದೇಶದ ಅಧಿಕೃತ ಸೇನೆಯ ಸದಸ್ಯನಾಗಿರಬಾರದು ಎಂಬುದು ಇನ್ನೊಂದು. ಅಧಿಕೃತ ಕರಾರಿನ ಮೇಲೆ ಸೇನೆ ಸೇರಿದ ತ್ಸೆಂಗ್‌ನಂಥವರೂ, ಮೋಸಹೋಗಿ ಸಹಿ ಹಾಕಿದ ನಮ್ಮ ಯುವಕರೂ ಈ ವ್ಯಾಖ್ಯೆಯೊಳಗೆ ಬರುವುದಿಲ್ಲ. ಶತ್ರುವಿನ ಕೈಗೆ ಸಿಕ್ಕಿದರೆ ಯುದ್ಧಕೈದಿಯ ರಕ್ಷಣೆ ಸಿಗುವುದೋ ಇಲ್ಲವೋ ಎಂಬುದು ಈ ವ್ಯಾಖ್ಯೆಯನ್ನೇ ಅವಲಂಬಿಸಿರುವುದರಿಂದ ಇದು ಪದಗಳ ಜಗಳವಷ್ಟೇ ಅಲ್ಲ.

ಭಾರತದ ಕಾನೂನಿನಲ್ಲಿ ಎರಡು ಸಂಗತಿಗಳಿವೆ. ಭಾರತದೊಂದಿಗೆ ಶಾಂತಿಯಿಂದಿರುವ ವಿದೇಶಿ ರಾಷ್ಟ್ರದ ಸರಕಾರದ ವಿರುದ್ಧ ಯುದ್ಧ ಹೂಡುವುದು ಭಾರತೀಯ ನ್ಯಾಯ ಸಂಹಿತೆಯ 153ನೇ ಕಲಮಿನಡಿ ಅಪರಾಧ. ಗರಿಷ್ಠ ಶಿಕ್ಷೆ ಜೀವಾವಧಿ. ಹಳೆಯ ಭಾರತೀಯ ದಂಡ ಸಂಹಿತೆಯ 125ನೇ ಕಲಮು ಏಷ್ಯಾದ ರಾಷ್ಟ್ರಗಳಿಗೆ ಮಾತ್ರ ಸೀಮಿತವಾಗಿತ್ತು. 2024ರ ಜುಲೈ 1ರಿಂದ ಜಾರಿಗೆ ಬಂದ ಹೊಸ ಸಂಹಿತೆಯಲ್ಲಿ ಆ ಮಿತಿ ಇಲ್ಲ. ಎರಡನೆಯದು, ಬ್ರಿಟಿಷರ ಕಾಲದ 1874ರ ವಿದೇಶಿ ನೇಮಕಾತಿ ಕಾಯ್ದೆ. ವಿದೇಶಿ ರಾಷ್ಟ್ರದ ಸೇವೆಗೆ ಇಲ್ಲಿ ನೇಮಕಾತಿ ನಡೆಸುವುದನ್ನು ತಡೆಯುವ ಅಧಿಕಾರ ಸರಕಾರಕ್ಕೆ ಇದರಿಂದ ದೊರೆಯುತ್ತದೆ. ಮೋಸಹೋಗಿ ರಷ್ಯಾ ತಲುಪಿದವರನ್ನು ತನಿಖಾ ಸಂಸ್ಥೆ ಆರೋಪಿಗಳೆಂದಲ್ಲ, ಕಳ್ಳಸಾಗಣೆಗೆ ಒಳಗಾದವರೆಂದೇ ಕಂಡಿದೆ.

ಆದರೆ ನಿಜವಾದ ಬಿರುಕು ಇರುವುದು ಬೇರೆಡೆ. 1983ರ ವಲಸೆ ಕಾಯ್ದೆಯ ಪ್ರಕಾರ ವಿದೇಶದಲ್ಲಿ ಉದ್ಯೋಗ ಕೊಡಿಸುವ ಏಜೆಂಟರು ವಿದೇಶಾಂಗ ಸಚಿವಾಲಯದಲ್ಲಿ ನೋಂದಾಯಿತರಾಗಿರಬೇಕು. ಅವರು ಪಡೆಯಬಹುದಾದ ಸೇವಾ ಶುಲ್ಕ ತೆರಿಗೆ ಬಿಟ್ಟು 30,000 ರೂಪಾಯಿ ಮೀರುವಂತಿಲ್ಲ. ಹತ್ತನೇ ತರಗತಿ ದಾಟದವರು ಸೌದಿ ಅರೇಬಿಯ, ಕುವೈತ್, ಕತಾರ್, ಸಂಯುಕ್ತ ಅರಬ್ ಎಮಿರೇಟ್ಸ್‌ನಂಥ ದೇಶಗಳಿಗೆ ದುಡಿಯಲು ಹೋಗಬೇಕಾದರೆ ವಲಸೆ ಅನುಮತಿ ಪಡೆಯಬೇಕಾಗುತ್ತದೆ. ಕಾಗದಪತ್ರಗಳನ್ನು ಸರಕಾರಿ ಕಣ್ಣೊಂದು ನೋಡುವುದು ಆಗ. ಈ ದೇಶಗಳ ಪಟ್ಟಿಯಲ್ಲಿ ರಷ್ಯಾ ಇಲ್ಲ. ಪ್ರವಾಸಿ ವೀಸಾ ಮೇಲೆ, ಅಥವಾ ಹೆಸರೇ ಕೇಳದ ಖಾಸಗಿ ವಿಶ್ವವಿದ್ಯಾಲಯದ ಪ್ರವೇಶಪತ್ರ ಹಿಡಿದು ವಿಮಾನ ಹತ್ತಿದವನನ್ನು ತಡೆದು ಕೇಳುವವರು ಯಾರೂ ಇರಲಿಲ್ಲ. ದುಬೈ, ಸೌದಿಗೆ ತಲೆಮಾರುಗಳಿಂದ ಹೋಗಿಬರುತ್ತಿರುವ ಬೀದರ್, ಕಲಬುರಗಿ ಭಾಗದ ಕುಟುಂಬಗಳಿಗೆ ‘ಏಜೆಂಟ್’ ಎಂಬುದು ಅಪರಿಚಿತ ಪದವಲ್ಲ. ಆ ಪರಿಚಯವೇ ಇಲ್ಲಿ ಎಚ್ಚರವನ್ನು ಮಂಕಾಗಿಸಿತೆನ್ನಬೇಕು. ಕೊಲ್ಲಿಗೆ ಕಳುಹಿಸಿದವರ ಮಾತು ನಂಬಿದ ಹಾಗೆಯೇ ರಷ್ಯಾಕ್ಕೆ ಕಳುಹಿಸುವವರ ಮಾತನ್ನೂ ನಂಬಿದರು.

ನಿಜಾಮರ ಕುದುರೆ ಪಡೆ

ಪರರ ಯುದ್ಧಕ್ಕೆ ಈ ಭಾಗದ ನಂಟು ಇದೇ ಮೊದಲಲ್ಲ. ಭಾಲ್ಕಿ, ಬೀದರ್, ಔರಾದ್ 1948ರವರೆಗೆ ಹೈದರಾಬಾದ್ ಸಂಸ್ಥಾನಕ್ಕೆ ಸೇರಿದ್ದವು. ಮೊದಲ ಮಹಾಯುದ್ಧದಲ್ಲಿ ನಿಜಾಮರ ಹೈದರಾಬಾದ್ ಲಾನ್ಸರ್ಸ್, ಮೈಸೂರು ಮಹಾರಾಜರ ಮೈಸೂರು ಲಾನ್ಸರ್ಸ್ ಹಾಗೂ ಜೋಧಪುರದ ಪಡೆ ಒಂದೇ ಅಶ್ವದಳ ಬ್ರಿಗೇಡ್‌ನಲ್ಲಿ ಈಜಿಪ್ಟ್, ಪ್ಯಾಲೆಸ್ಟೈನ್‌ಗಳಲ್ಲಿ ಹೋರಾಡಿದವು. ಸಂಸ್ಥಾನದ ಪ್ರಜೆಗಳು, ಬ್ರಿಟಿಷರ ಯುದ್ಧ, ತುರ್ಕರ ವಿರುದ್ಧ. 1918ರ ಸೆಪ್ಟೆಂಬರ್ 23ರಂದು ಮೈಸೂರು ಮತ್ತು ಜೋಧಪುರದ ಸವಾರರು ಭರ್ಚಿ ಹಿಡಿದು ಮಷಿನ್‌ಗನ್‌ಗಳ ಮೇಲೆ ನುಗ್ಗಿ ಹೈಫಾ ಪಟ್ಟಣವನ್ನು ವಶಪಡಿಸಿಕೊಂಡರು. ಸಾವಿರಕ್ಕೂ ಹೆಚ್ಚು ಸೈನಿಕರು ಸೆರೆಸಿಕ್ಕರು. ಮಡಿದ ಸವಾರರ ಸಂಖ್ಯೆ ಎಂಟು ಎಂದು ದಾಖಲೆ ಹೇಳುತ್ತದೆ. ಸತ್ತ ಕುದುರೆಗಳು 60.

ದೆಹಲಿಯ ತೀನ್ ಮೂರ್ತಿಯ ಮೂವರು ಸೈನಿಕರ ಪ್ರತಿಮೆಗಳು ಈ ಮೂರು ಸಂಸ್ಥಾನಗಳನ್ನು ಪ್ರತಿನಿಧಿಸುತ್ತವೆ. ಇಸ್ರೇಲ್ ಪ್ರಧಾನಿ 2018ರ ಜನವರಿಯಲ್ಲಿ ಭಾರತಕ್ಕೆ ಬಂದಾಗ ಆ ವೃತ್ತಕ್ಕೆ ತೀನ್ ಮೂರ್ತಿ ಹೈಫಾ ಚೌಕ್ ಎಂದು ಹೆಸರಿಡಲಾಯಿತು. ಮೈಸೂರು ಲಾನ್ಸರ್ಸ್ ಸ್ಮಾರಕ ಬೆಂಗಳೂರಿನ ಜೆ.ಸಿ. ನಗರದಲ್ಲಿದೆ. ಹೈದರಾಬಾದ್ ಪಡೆಯ ಹೆಸರು ಮಾತ್ರ ಕಲ್ಯಾಣ ಕರ್ನಾಟಕದ ಚರಿತ್ರೆಯ ಪಾಠಗಳಲ್ಲಿ ಹೆಚ್ಚಾಗಿ ಕಾಣಸಿಗುವುದಿಲ್ಲ.

ತೈವಾನಿನ ಬುಡಕಟ್ಟು ಜನರಿಗೂ ಇಂಥ ಪೂರ್ವಕಥೆಯಿದೆ. ದ್ವೀಪ ಜಪಾನಿನ ವಸಾಹತಾಗಿದ್ದಾಗ, ಎರಡನೇ ಮಹಾಯುದ್ಧದಲ್ಲಿ, ಮೂಲನಿವಾಸಿ ಯುವಕರನ್ನು ‘ತಕಸಾಗೊ ಸ್ವಯಂಸೇವಕರು’ ಎಂಬ ಹೆಸರಿನಲ್ಲಿ ಆಗ್ನೇಯ ಏಷ್ಯಾದ ಕಾಡುಗಳಿಗೆ ಕಳುಹಿಸಲಾಯಿತು. ಅವರಲ್ಲೊಬ್ಬ ಅತ್ತುನ್ ಪಲಾಲಿನ್, ತ್ಸೆಂಗ್‌ನಂತೆಯೇ ಅಮಿಸ್ ಸಮುದಾಯದವನು. ಜಪಾನಿಯರು ಆತನಿಗಿಟ್ಟ ಹೆಸರು ನಕಮುರಾ ತೆರುವೊ. ಯುದ್ಧ ಮುಗಿದದ್ದನ್ನು ಅರಿಯದೆ ಇಂಡೋನೇಷ್ಯದ ಮೊರೊತೈ ದ್ವೀಪದ ಕಾಡಿನಲ್ಲಿ ಅಡಗಿದ್ದ ಆತ ಪತ್ತೆಯಾದದ್ದು 1974ರ ಡಿಸೆಂಬರ್‌ನಲ್ಲಿ. ಸುಮಾರು 30 ವರ್ಷಗಳ ಆ ಸೇವೆಗೆ ಜಪಾನ್ ಸರಕಾರ ಮೊದಲು ಕೊಟ್ಟದ್ದು 68,000 ಯೆನ್. ವಸಾಹತಿನ ಸೈನಿಕನಾದ್ದರಿಂದ ಪಿಂಚಣಿಗೆ ಅರ್ಹನಲ್ಲ ಎಂಬುದು ಕೊಟ್ಟ ಕಾರಣ. ಜನರ ಆಕ್ರೋಶದ ಬಳಿಕ ಮೊತ್ತ ಏರಿತಾದರೂ, ತೈವಾನಿಗೆ ಮರಳಿದ ನಾಲ್ಕೇ ವರ್ಷಕ್ಕೆ, 1979ರಲ್ಲಿ, ಆತ ತೀರಿಕೊಂಡ.

ದೇಹ ಬರುವವರೆಗೆ

ಈ ಯುದ್ಧದಲ್ಲಿ ಸತ್ತ ಮೊದಲ ಕನ್ನಡಿಗ ಸೈನಿಕನಲ್ಲ. ಹಾವೇರಿ ಜಿಲ್ಲೆ ರಾಣೆಬೆನ್ನೂರು ತಾಲ್ಲೂಕಿನ ಚಳಗೇರಿಯ ವೈದ್ಯಕೀಯ ವಿದ್ಯಾರ್ಥಿ ನವೀನ್ ಗ್ಯಾನಗೌಡರ 2022ರ ಮಾರ್ಚ್ 1ರಂದು ಖಾರ್ಕಿವ್‌ನಲ್ಲಿ ಆಹಾರ ತರಲು ಹೊರಬಂದಾಗ ಶೆಲ್ ದಾಳಿಗೆ ಬಲಿಯಾದ. 20 ದಿನಗಳ ಬಳಿಕ ಮೃತದೇಹ ಬೆಂಗಳೂರಿಗೆ ಬಂದಿತು. ಮುಖ್ಯಮಂತ್ರಿಯೇ ವಿಮಾನ ನಿಲ್ದಾಣದಲ್ಲಿದ್ದರು. ಹೆತ್ತವರು ದೇಹವನ್ನು ದಾವಣಗೆರೆಯ ಎಸ್.ಎಸ್. ವೈದ್ಯಕೀಯ ಕಾಲೇಜಿಗೆ ದಾನ ಮಾಡಿದರು.

ರಷ್ಯಾ ಸೇನೆಯಲ್ಲಿ ಸತ್ತವರ ಮನೆಗಳಲ್ಲಿ ಕಾಯುವಿಕೆ ಇದಕ್ಕಿಂತ ದೀರ್ಘ. ರಣರಂಗದ ನಡುವಣ ನೆಲದಿಂದ ದೇಹ ಎತ್ತಲು ಎರಡೂ ಕಡೆಯವರಿಗೆ ಹಲವೊಮ್ಮೆ ತಿಂಗಳುಗಳೇ ಬೇಕಾಗುತ್ತವೆ. ಅಷ್ಟು ಹೊತ್ತಿಗೆ ಮುಖ ನೋಡಿ ಗುರುತಿಸುವ ಸ್ಥಿತಿ ಉಳಿದಿರುವುದಿಲ್ಲ. ದೇಹ ದೊರೆಯದಿದ್ದರೆ ಮರಣಪತ್ರವಿಲ್ಲ. ಮರಣಪತ್ರವಿಲ್ಲದೆ ರಷ್ಯಾ ಸರಕಾರದ ಪರಿಹಾರಕ್ಕೂ, ಇಲ್ಲಿಯ ಬ್ಯಾಂಕು, ವಿಮೆ, ಆಸ್ತಿ ವರ್ಗಾವಣೆಗೂ ದಾರಿಯಿಲ್ಲ. ನಾಪತ್ತೆಯಾದವನ ಹೆಂಡತಿ ಕಾಗದದ ಮೇಲೆ ವಿಧವೆಯೂ ಅಲ್ಲ. ಏಳು ವರ್ಷ ಸುಳಿವು ಸಿಗದ ವ್ಯಕ್ತಿಯನ್ನು ಮೃತನೆಂದು ಭಾವಿಸಲು ಭಾರತದ ಸಾಕ್ಷ್ಯ ಕಾನೂನು ಅವಕಾಶ ಕೊಡುತ್ತದೆ. ಅಲ್ಲಿಯವರೆಗೆ ಕಚೇರಿಯಿಂದ ಕಚೇರಿಗೆ ಅಲೆದಾಟ ತಪ್ಪದು.

2025ರ ಡಿಸೆಂಬರ್‌ನ ಸಂಸತ್ ಉತ್ತರದ ಪ್ರಕಾರ ಸತ್ತ 26 ಮಂದಿಯಲ್ಲಿ 10 ಮಂದಿಯ ಮೃತದೇಹಗಳು ಭಾರತಕ್ಕೆ ಬಂದಿದ್ದವು, ಇಬ್ಬರ ಅಂತ್ಯಸಂಸ್ಕಾರ ಅಲ್ಲಿಯೇ ನಡೆದಿತ್ತು. ಸತ್ತಿರುವ ಅಥವಾ ಕಾಣೆಯಾಗಿರುವ 18 ಮಂದಿಯ ರಕ್ತಸಂಬಂಧಿಗಳಿಂದ ಡಿಎನ್‌ಎ ಮಾದರಿ ಸಂಗ್ರಹಿಸಿ ರಷ್ಯಾ ಅಧಿಕಾರಿಗಳಿಗೆ ಕಳುಹಿಸಲಾಗಿತ್ತು.